ಮುಚ್ಚಿದ ಗೂಡು, ತೆರೆದ ಕೊಳವೆ: ಸ್ಕೂಟರ್ ಎಂಜಿನ್ನಿನ ಉಸಿರಾಟದ ಚರಿತ್ರೆ

ಪೆಟ್ರೋಲ್ ಎಂಜಿನ್ನಿನ ಚರಿತ್ರೆಯನ್ನು ಹೇಳುವಾಗ ಸಿಲಿಂಡರಿನ ಮೇಲ್ಭಾಗಕ್ಕೆ, ಅಂದರೆ ಪ್ಲಗ್ಗಿನ ಕಿಡಿಯಿಂದ ಇಂಧನ ಹೊತ್ತಿಕೊಳ್ಳುವ ಜಾಗಕ್ಕೆ, ಸಿಗುವಷ್ಟು ಗಮನ ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸಿಗೆ ಸಿಗುವುದಿಲ್ಲ. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿ ಮಾರ್ಪಡಿಸುವ ಕ್ರ್ಯಾಂಕ್ ಶಾಫ್ಟು ಕೂತಿರುವ ಈ ಲೋಹದ ಗೂಡನ್ನು ಎಣ್ಣೆ ತುಂಬಿಡುವ ಪಾತ್ರೆಯೆಂದಷ್ಟೇ ಎಣಿಸುವುದು ವಾಡಿಕೆ. ಸ್ಕೂಟರಿನ ಮಟ್ಟಿಗೆ ಈ ಎಣಿಕೆ ಸಾಲದು. ಏಕೆಂದರೆ ಆ ಗೂಡು ಗಾಳಿಯಾಡದಂತೆ ಮುಚ್ಚಿರಬೇಕೋ, ಇಲ್ಲವೇ ಒಂದು ಕೊಳವೆಯ ಮೂಲಕ ಉಸಿರಾಡುತ್ತಿರಬೇಕೋ ಎಂಬ ಪ್ರಶ್ನೆಗೆ ಸ್ಕೂಟರ್ ತಯಾರಕರು ಬೇರೆ ಬೇರೆ ಕಾಲದಲ್ಲಿ ಪರಸ್ಪರ ವಿರುದ್ಧವಾದ ಉತ್ತರಗಳನ್ನು ಕೊಟ್ಟಿದ್ದಾರೆ, ಮತ್ತು ಮನೆಯಂಗಳದಲ್ಲಿ ಪಾನಾ ಹಿಡಿದು ಕೂರುವ ಮಾಲೀಕರೂ ಬೀದಿಬದಿಯ ಮೆಕ್ಯಾನಿಕ್ಕುಗಳೂ ಎಷ್ಟೋ ಸಲ ಹಿಂದಿನ ಕಾಲದ ಉತ್ತರವನ್ನೇ ಮುಂದಿನ ಕಾಲದ ಎಂಜಿನ್ನಿಗೆ ಅನ್ವಯಿಸಿದ್ದಾರೆ. ಬ್ರೀದರ್ ಪೈಪು ಎಂದು ಕರೆಯಲಾಗುವ ಆ ಉಸಿರುಕೊಳವೆಯನ್ನು ಮನೆಯಲ್ಲೇ ಬದಲಿಸುವ ಇಂದಿನ ಹವ್ಯಾಸದ ಹಿನ್ನೆಲೆಯಲ್ಲಿ ಈ ಹಿಂದುಮುಂದೂ ಇದೆ.

ಗೂಡಿಗೆ ಉಸಿರು ಬೇಕಾಗುವುದಕ್ಕೆ ಎರಡು ಕಾರಣಗಳಿವೆ. ಪಿಸ್ಟನ್ನಿನ ರಿಂಗುಗಳು ಎಷ್ಟೇ ಬಿಗಿಯಾಗಿ ಕೂತಿದ್ದರೂ ಸಿಲಿಂಡರಿನ ಅನಿಲದ ಸ್ವಲ್ಪ ಭಾಗ ಅವುಗಳ ಸಂದಿಯಿಂದ ಕೆಳಗೆ ನುಸುಳುತ್ತದೆ. ತಂತ್ರಜ್ಞರು ಬ್ಲೋಬೈ ಎನ್ನುವ ಈ ನುಸುಳುಗಾಳಿಯಲ್ಲಿ ಉರಿಯದೆ ಉಳಿದ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವೇ ಹೆಚ್ಚು, ಅದರ ಜೊತೆಗೆ ಉರಿದ ಅನಿಲವೂ ನೀರಾವಿಯೂ ಇರುತ್ತವೆ. ಎರಡನೆಯ ಕಾರಣ ಪಿಸ್ಟನ್ನಿನ ಚಲನೆಯೇ. 102 ಸಿಸಿ ಸಾಮರ್ಥ್ಯದ ಒಂಟಿ ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪಿಸ್ಟನ್ನು ಸೆಕೆಂಡಿಗೆ ನೂರು ಸಲ ಕೆಳಗಿಳಿಯುತ್ತದೆ, ಮತ್ತು ಪ್ರತಿ ಸಲವೂ ತನ್ನ ಅಡಿಯಲ್ಲಿರುವ 102 ಘನ ಸೆಂಟಿಮೀಟರಿನಷ್ಟು ಗಾಳಿಯ ಜಾಗವನ್ನು ಆಕ್ರಮಿಸಿ ಮರಳಿ ಮೇಲೇರುತ್ತದೆ. ಅಂದರೆ ಸೆಕೆಂಡಿಗೆ ಹತ್ತು ಲೀಟರಿಗೆ ಸಮನಾದ ಗಾಳಿ ಆ ಪುಟ್ಟ ಗೂಡಿನಲ್ಲಿ ಹಿಂದಕ್ಕೂ ಮುಂದಕ್ಕೂ ತಳ್ಳಾಡುತ್ತದೆ. ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಪಿಸ್ಟನ್ನುಗಳು ಇಳಿಯುವಾಗ ಇನ್ನೆರಡು ಏರುವುದರಿಂದ ಈ ತಳ್ಳಾಟ ಒಂದಕ್ಕೊಂದು ಸರಿದೂಗುತ್ತದೆ, ಹೊರಹಾಕಬೇಕಾದದ್ದು ನುಸುಳುಗಾಳಿ ಮಾತ್ರ. ಒಂಟಿ ಸಿಲಿಂಡರಿನ ದ್ವಿಚಕ್ರ ವಾಹನಕ್ಕೆ ಆ ಅನುಕೂಲವಿಲ್ಲ. ಹಾಗಾಗಿ ಉಸಿರಾಟದ ಸಮಸ್ಯೆ, ನೋಡುವುದಕ್ಕೆ ವಿಚಿತ್ರವೆನಿಸಿದರೂ, ದೊಡ್ಡ ಕಾರಿಗಿಂತ ಚಿಕ್ಕ ಸ್ಕೂಟರಿಗೇ ಹೆಚ್ಚು ತೀವ್ರವಾದದ್ದು.

ಇಪ್ಪತ್ತನೆಯ ಶತಮಾನದ ಆರಂಭದ ಮೋಟಾರ್ ಸೈಕಲ್ಲುಗಳಲ್ಲಿ ಇದನ್ನು ಸಮಸ್ಯೆಯೆಂದು ಯಾರೂ ಭಾವಿಸಿರಲಿಲ್ಲ. ಆ ಕಾಲದ ಎಣ್ಣೆಯ ವ್ಯವಸ್ಥೆ ಪೂರ್ಣ ವ್ಯಯದ್ದು: ಸವಾರನು ಕೆಲವು ಮೈಲಿಗೊಮ್ಮೆ ಟ್ಯಾಂಕಿನ ಪಕ್ಕದ ಕೈಪಂಪನ್ನು ಒತ್ತಿ ಎಂಜಿನ್ನಿಗೆ ಒಂದಷ್ಟು ಎಣ್ಣೆ ಕಳಿಸುತ್ತಿದ್ದ, ಆ ಎಣ್ಣೆ ತನ್ನ ಕೆಲಸ ಮುಗಿಸಿ ಉರಿದೋ ಸೋರಿಯೋ ಹೋಗುತ್ತಿತ್ತು, ಮರಳಿ ಬರುವ ಏರ್ಪಾಟೇ ಇರಲಿಲ್ಲ. ಗೂಡಿನಿಂದ ಹೊರಬರುವ ಎಣ್ಣೆಮಂಜನ್ನು ಹಿಂದಿನ ಚಕ್ರದ ಚೈನಿನ ಮೇಲೆ ಬೀಳುವಂತೆ ತಿರುಗಿಸಿ, ಸೋರಿಕೆಯನ್ನೇ ಚೈನಿನ ಎಣ್ಣೆಯಾಗಿ ಬಳಸಿಕೊಂಡ ಮಾದರಿಗಳು ಬ್ರಿಟನ್ನಿನಲ್ಲಿ ಬಹುಕಾಲ ಇದ್ದವು. ಎಣ್ಣೆ ಟ್ಯಾಂಕಿನಿಂದ ಎಂಜಿನ್ನಿಗೂ ಎಂಜಿನ್ನಿನಿಂದ ಟ್ಯಾಂಕಿಗೂ ಸುತ್ತುವ ವ್ಯವಸ್ಥೆ ಬಂದ ಮೇಲೆ ಸೋರಿಕೆ ನಷ್ಟವೆನಿಸಿತು, ಉಸಿರನ್ನು ನಿಯಂತ್ರಿಸುವ ಉಪಾಯಗಳು ಹುಟ್ಟಿದವು. ಟ್ರಯಂಫ್ ಕಂಪನಿಯ ಜೋಡಿ ಸಿಲಿಂಡರಿನ ಎಂಜಿನ್ನುಗಳಲ್ಲಿ ಕ್ಯಾಮ್ ಶಾಫ್ಟಿನ ತುದಿಗೆ ತೂತಿರುವ ಒಂದು ತಟ್ಟೆಯನ್ನು ಜೋಡಿಸಿ, ಪಿಸ್ಟನ್ನುಗಳು ಇಳಿಯುವ ಹೊತ್ತಿಗೆ ಮಾತ್ರ ಕೊಳವೆಯ ಬಾಯಿ ತೆರೆಯುವಂತೆ ಮಾಡಲಾಗಿತ್ತು. ಭಾರತದಲ್ಲಿ 1955ರಿಂದ ಮದರಾಸಿನ ನಂಟು ಬೆಳೆಸಿಕೊಂಡ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನಲ್ಲಿ ಅದೇ ಕೆಲಸವನ್ನು ಬಾತುಕೋಳಿಯ ಕೊಕ್ಕಿನ ಆಕಾರದ ಒಂದು ರಬ್ಬರ್ ತುಂಡು ಮಾಡುತ್ತಿತ್ತು: ಒಳಗಿನ ಒತ್ತಡಕ್ಕೆ ಅದರ ತುಟಿಗಳು ಬಿಚ್ಚಿಕೊಳ್ಳುತ್ತವೆ, ಹೊರಗಿನ ಗಾಳಿ ಒಳನುಗ್ಗಲು ಹೋದರೆ ಕಚ್ಚಿಕೊಳ್ಳುತ್ತವೆ.

ಈ ಎರಡು ಉಪಾಯಗಳ ಉದ್ದೇಶ ಗಾಳಿಯನ್ನು ಹೊರಬಿಡುವುದಷ್ಟೇ ಅಲ್ಲ, ಮರಳಿ ಬರಗೊಡದೆ ಗೂಡಿನಲ್ಲಿ ವಾತಾವರಣಕ್ಕಿಂತ ತುಸು ಕಡಿಮೆ ಒತ್ತಡವನ್ನು ಉಳಿಸುವುದು. ಹಾಗಿದ್ದಾಗ ಎಣ್ಣೆ ಜೋಡಣೆಯ ಸಂದುಗಳಿಂದ ಹೊರಗೆ ಜಿನುಗುವುದಿಲ್ಲ. 1970ರ ಸುಮಾರಿಗೆ ಟ್ರಯಂಫ್ ತನ್ನ 650 ಸಿಸಿ ಎಂಜಿನ್ನುಗಳಲ್ಲಿ ತಟ್ಟೆಯ ಏರ್ಪಾಟನ್ನು ಕೈಬಿಟ್ಟು, ಗೂಡಿನ ಪಕ್ಕದ ಗೋಡೆಯಲ್ಲಿ ರಂಧ್ರ ಕೊರೆದು ಗಾಳಿಯನ್ನು ಚೈನುಪೆಟ್ಟಿಗೆಯ ಮೂಲಕ ದಪ್ಪ ಕೊಳವೆಗೆ ಹರಿಸಿತು. ಇದನ್ನು ಕಂಡ ಹಳೆಯ ಟ್ರಯಂಫುಗಳ ಮಾಲೀಕರು ತಮ್ಮ ಎಂಜಿನ್ನುಗಳಿಗೂ ಅದೇ ರಂಧ್ರಗಳನ್ನು ತಾವೇ ಕೊರೆದುಕೊಂಡರು. ಉಸಿರಾಟವನ್ನು ಮನೆಯಲ್ಲಿ ತಿದ್ದುವ ಪದ್ಧತಿಗೆ ಇದಕ್ಕಿಂತ ನಿಚ್ಚಳವಾದ ಹಳೆಯ ನಿದರ್ಶನ ಸಿಗುವುದು ಕಷ್ಟ, ಮತ್ತು ಇಲ್ಲಿ ಮನೆಯ ಕೈ ಕಾರ್ಖಾನೆಯನ್ನೇ ಅನುಸರಿಸಿತ್ತೆಂಬುದು ಗಮನಾರ್ಹ.

ಸ್ಕೂಟರ್ ಕೂಡ ಹುಟ್ಟುವಾಗ ಉಸಿರಾಡುವ ಎಂಜಿನ್ನಿನೊಂದಿಗೇ ಹುಟ್ಟಿತು. 1915ರಲ್ಲಿ ಅಮೆರಿಕದಲ್ಲಿ ತಯಾರಾದ, ಮುಂದಿನ ಚಕ್ರದ ಮೇಲೆ ಎಂಜಿನ್ ಹೊತ್ತ ಆಟೋಪೆಡ್, 1936ರ ಕುಶ್‌ಮನ್, ಯುದ್ಧದ ನಂತರ 1946ರಲ್ಲಿ ಜಪಾನಿನ ಫ್ಯೂಜಿ ಕಂಪನಿ ಹೊರತಂದ ರ‍್ಯಾಬಿಟ್ ಇವೆಲ್ಲವೂ ನಾಲ್ಕು ಸ್ಟ್ರೋಕಿನವು, ಅಂದರೆ ಎಳೆತ, ಒತ್ತು, ಉರಿತ, ಹೊರದೂಡಿಕೆ ಎಂಬ ನಾಲ್ಕು ಹಂತಗಳಿಗೆ ಪಿಸ್ಟನ್ನು ಎರಡು ಸಲ ಏರಿ ಎರಡು ಸಲ ಇಳಿಯುವಂಥವು. ಆದರೆ ಸ್ಕೂಟರಿಗೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟದ್ದು ಇಟಲಿ. 1946ರಲ್ಲಿ ಪಿಯಾಜಿಯೋ ಕಂಪನಿಗಾಗಿ ಕೊರಾದಿನೊ ದಾಸ್ಕಾನಿಯೊ ವಿನ್ಯಾಸಗೊಳಿಸಿದ 98 ಸಿಸಿಯ ವೆಸ್ಪಾ ಮತ್ತು ಮರುವರ್ಷ ಮಿಲಾನಿನ ಇನ್ನೊಸೆಂಟಿ ಕಾರ್ಖಾನೆ ತಂದ ಲ್ಯಾಂಬ್ರೆಟಾ ಎರಡೂ ಎರಡು ಸ್ಟ್ರೋಕಿನ ಎಂಜಿನ್ನನ್ನು ಆರಿಸಿಕೊಂಡವು. ವಾಲ್ವು, ಕ್ಯಾಮ್, ಎಣ್ಣೆಪಂಪು ಒಂದೂ ಇಲ್ಲದ ಆ ಎಂಜಿನ್ನು ಯುದ್ಧದಿಂದ ಹಾಳಾದ ದೇಶದ ಜೇಬಿಗೆ ಹೊಂದುವಂತಿತ್ತು. ಎರಡು ಸ್ಟ್ರೋಕಿನ ಈ ಸರಳ ರೂಪವನ್ನು ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ 1891ರಲ್ಲಿಯೇ ರೂಪಿಸಿದ್ದ, ಮತ್ತು ಅವನ ಜಾಣತನವೆಲ್ಲ ಕ್ರ್ಯಾಂಕ್‌ಕೇಸಿನಲ್ಲಿತ್ತು. ಪಿಸ್ಟನ್ನು ಏರುವಾಗ ಪೆಟ್ರೋಲು ಬೆರೆತ ಗಾಳಿ ಗೂಡಿನೊಳಕ್ಕೆ ಸೇದಿಕೊಳ್ಳುತ್ತದೆ, ಇಳಿಯುವಾಗ ಅದು ಒತ್ತಿಕೊಂಡು ಪಕ್ಕದ ದಾರಿಯಿಂದ ಸಿಲಿಂಡರಿಗೆ ನುಗ್ಗುತ್ತದೆ. ಕಮ್ಮಾರನ ತಿದಿಗೆ ಎಲ್ಲಿ ತೂತು ಬಿದ್ದರೂ ಕುಲುಮೆ ಆರುವಂತೆ, ಈ ಗೂಡಿನಲ್ಲಿ ಎಲ್ಲಿ ಸೋರಿದರೂ ಎಂಜಿನ್ನು ಕೆಡುತ್ತದೆ. ಮೊದಲಿನ ಎಂಜಿನ್ನಿನಲ್ಲಿ ಉಪದ್ರವವೆನಿಸಿದ್ದ ಗಾಳಿಯ ತಳ್ಳಾಟವೇ ಇಲ್ಲಿ ಎಂಜಿನ್ನಿನ ಜೀವಾಳ. ಆದ್ದರಿಂದ ಬ್ರೀದರಿಗೆ ಇಲ್ಲಿ ಜಾಗವೇ ಇಲ್ಲ.

ಬ್ರಿಟನ್ನಿನಲ್ಲಿ 1950 ಮತ್ತು 60ರ ದಶಕಗಳಲ್ಲಿ ಬೆಳೆದ ಸ್ಕೂಟರ್ ರ‍್ಯಾಲಿ ಮತ್ತು ಪಂದ್ಯಗಳ ಹುಚ್ಚು ಈ ತಿಳಿವಳಿಕೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೊಯ್ದಿತು. ಗೂಡಿನೊಳಗಿನ ಖಾಲಿ ಜಾಗ ಕಡಿಮೆಯಾದಷ್ಟೂ ಅಲ್ಲಿನ ಒತ್ತಡ ಹೆಚ್ಚಿ ಮಿಶ್ರಣ ಜೋರಾಗಿ ನುಗ್ಗುತ್ತದೆಂಬ ತರ್ಕದಿಂದ, ಹವ್ಯಾಸಿಗಳು ಕ್ರ್ಯಾಂಕಿನ ಪೊಳ್ಳುಗಳನ್ನೂ ಗೂಡಿನ ಮೂಲೆಗಳನ್ನೂ ಲೋಹದ ಬಿಲ್ಲೆಗಳಿಂದಲೋ ಗಟ್ಟಿಯಾಗುವ ಅಂಟಿನಿಂದಲೋ ತುಂಬಿಸುತ್ತಿದ್ದರು. ಸೈಲೆನ್ಸರಿನೊಳಗೆ ಹುಟ್ಟುವ ಒತ್ತಡದ ಅಲೆಗಳೇ ಸಿಲಿಂಡರು ತುಂಬುವುದರಲ್ಲಿ ದೊಡ್ಡ ಪಾತ್ರ ವಹಿಸುತ್ತವೆಂಬುದು ಸ್ಪಷ್ಟವಾದ ಮೇಲೆ ಈ ತುಂಬಿಸುವಿಕೆಯ ಮಹತ್ತ್ವ ಇಳಿಯಿತು. ಆದರೂ ಗೂಡನ್ನು ಮುಚ್ಚು, ಬಿಗಿ ಮಾಡು, ಸಂದು ಉಳಿಸಬೇಡ ಎಂಬ ನಿಯಮ ಮಾತ್ರ ಸ್ಕೂಟರಿನ ಕಸುಬಿನಲ್ಲಿ ವೇದವಾಕ್ಯವಾಗಿ ನಿಂತಿತು.

ಭಾರತಕ್ಕೆ ಬಂದ ಸ್ಕೂಟರ್ ಈ ನಿಯಮವನ್ನು ಜೊತೆಗೇ ತಂದಿತು. ಮುಂಬಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಲ್ಯಾಂಬ್ರೆಟಾವನ್ನೂ, ಪುಣೆಯ ಬಜಾಜ್ ಆಟೋ ಪಿಯಾಜಿಯೋದ ಪರವಾನಗಿಯಲ್ಲಿ ವೆಸ್ಪಾವನ್ನೂ ತಯಾರಿಸಿದವು. ಪರವಾನಗಿಯ ಅವಧಿ 1971ರಲ್ಲಿ ಮುಗಿದ ಮೇಲೆ 1972ರಲ್ಲಿ ಬಜಾಜ್ ಚೇತಕ್ ಬಂದಿತು, ಅದೇ ವರ್ಷ ಲಖನೌದಲ್ಲಿ ಸ್ಥಾಪನೆಯಾದ ಸರ್ಕಾರಿ ಉದ್ದಿಮೆ ಸ್ಕೂಟರ್ಸ್ ಇಂಡಿಯಾ ಇನ್ನೊಸೆಂಟಿಯ ಯಂತ್ರೋಪಕರಣಗಳನ್ನು ಕೊಂಡು ತಂದು ಮುಂದೆ ವಿಜಯ್ ಸೂಪರ್ ಮಾಡಿತು. ಹೊಸ ಸ್ಕೂಟರಿಗಾಗಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ದಿನಗಳಲ್ಲಿ ಇದ್ದ ಸ್ಕೂಟರನ್ನು ಮತ್ತೆ ಮತ್ತೆ ಬಿಚ್ಚಿ ಕೂಡಿಸಿ ಓಡಿಸುವುದೇ ಗತಿಯಾಗಿತ್ತು, ಮತ್ತು ದುರಸ್ತಿಯ ಕಸುಬು ದೇಶದ ಪ್ರತಿ ಊರಿನಲ್ಲೂ ಬೇರುಬಿಟ್ಟದ್ದು ಈ ಅಭಾವದ ನೆಲದಲ್ಲಿಯೇ. ಮೈಸೂರಿನಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆಯ ಎಂಜಿನ್ನುಗಳೂ ಎರಡು ಸ್ಟ್ರೋಕಿನವೇ ಆದ್ದರಿಂದ, ಹಳೆ ಮೈಸೂರು ಸೀಮೆಯಲ್ಲಿ ಕೆಲಸ ಕಲಿತ ಮೆಕ್ಯಾನಿಕ್ಕಿಗೆ ಸ್ಕೂಟರಾಗಲಿ ಬೈಕಾಗಲಿ ಗೂಡಿನ ಪಾಠ ಒಂದೇ ಆಗಿತ್ತು.

ಆ ಪಾಠದ ಕೇಂದ್ರ ಆಯಿಲ್ ಸೀಲು. ಕ್ರ್ಯಾಂಕ್ ಶಾಫ್ಟಿನ ಎರಡು ತುದಿಗಳು ಗೂಡಿನಿಂದ ಹೊರಬರುವ ಜಾಗದಲ್ಲಿ ಕೂರುವ ಈ ರಬ್ಬರ್ ಬಳೆಗಳಲ್ಲಿ ಯಾವುದು ಸವೆದಿದೆಯೆಂಬುದನ್ನು ಅನುಭವಸ್ಥರು ಎಂಜಿನ್ನು ಬಿಚ್ಚದೆಯೇ ಹೇಳಬಲ್ಲವರಾಗಿದ್ದರು. ಮ್ಯಾಗ್ನೆಟ್ಟಿನ ಕಡೆಯ ಸೀಲು ಹೋದರೆ ಹೊರಗಿನ ಗಾಳಿ ಒಳಸೇರಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ಓಟ ಇಳಿಯುವುದಿಲ್ಲ, ಪ್ಲಗ್ಗು ಬಿಳಿಚಿಕೊಳ್ಳುತ್ತದೆ, ಕಾರ್ಬುರೇಟರಿನ ತಿರುಪನ್ನು ಎಷ್ಟು ತಿರುಗಿಸಿದರೂ ಅದು ಸರಿಹೋಗುವುದಿಲ್ಲ. ಕ್ಲಚ್ಚಿನ ಕಡೆಯ ಸೀಲು ಹೋದರೆ ಗೇರುಪೆಟ್ಟಿಗೆಯ ಎಣ್ಣೆ ಗೂಡಿಗೆ ಸೇದಿಕೊಂಡು ಉರಿಯುತ್ತದೆ, ಸೈಲೆನ್ಸರು ದಟ್ಟ ಹೊಗೆ ಕಾರುತ್ತದೆ, ಗೇರೆಣ್ಣೆಯ ಮಟ್ಟ ಕಾರಣವಿಲ್ಲದೆ ಇಳಿಯುತ್ತಾ ಹೋಗುತ್ತದೆ. ಗೂಡಿನ ಎರಡು ಹೋಳುಗಳನ್ನು ಮತ್ತೆ ಕೂಡಿಸುವಾಗ ನಡುವಿನ ಕಾಗದದ ಗ್ಯಾಸ್ಕೆಟ್ಟಿಗೆ ಅರಗಿನ ಶೆಲಾಕನ್ನೋ, ನಂತರದ ದಿನಗಳಲ್ಲಿ ಟ್ಯೂಬಿನಲ್ಲಿ ಬರುವ ಅನಾಬಾಂಡಿನಂಥ ಪೇಸ್ಟನ್ನೋ ಹಚ್ಚುವುದರಲ್ಲಿ ತೋರುವ ಶ್ರದ್ಧೆಯಿಂದಲೇ ಒಬ್ಬ ಮೆಕ್ಯಾನಿಕ್ಕಿನ ಕೈಗುಣವನ್ನು ಅಳೆಯುವಂತಿತ್ತು. ಬರಹಕ್ಕಿಳಿಯದೆ ಗುರುವಿನಿಂದ ಶಿಷ್ಯನಿಗೆ ದಾಟಿದ ಈ ವಿದ್ಯೆ ಕಡಿಮೆಯದಲ್ಲ. ಅದರ ಒಂದೇ ದೋಷವೆಂದರೆ ಅದು ಒಂದು ಬಗೆಯ ಎಂಜಿನ್ನಿಗೆ ಮಾತ್ರ ನಿಜವಾಗಿತ್ತು.

ಇದೇ ಅವಧಿಯಲ್ಲಿ, ಸ್ಕೂಟರಿನಿಂದ ಬಹುದೂರದ ಕ್ಯಾಲಿಫೋರ್ನಿಯಾದಲ್ಲಿ, ಬ್ರೀದರ್ ಕೊಳವೆ ಸಾರ್ವಜನಿಕ ಚರ್ಚೆಯ ವಸ್ತುವಾಯಿತು. ಅಲ್ಲಿಯವರೆಗೆ ಕಾರುಗಳ ಗೂಡಿನ ಗಾಳಿ ಓರೆಯಾಗಿ ಕತ್ತರಿಸಿದ ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಗೆ ಹೋಗುತ್ತಿತ್ತು. ಕಾರು ಓಡುವಾಗ ತಳದಲ್ಲಿ ಬೀಸುವ ಗಾಳಿ ಕೊಳವೆಯನ್ನು ಹೀರುತ್ತಿತ್ತು, ನಿಂತಾಗ ಅದೂ ಇಲ್ಲ. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿ ಗೂಡಿನ ಗಾಳಿಯನ್ನು ಒಂದು ವಾಲ್ವಿನ ಮೂಲಕ ಎಂಜಿನ್ನೇ ಮರಳಿ ಸೇದಿಕೊಳ್ಳುವ ಏರ್ಪಾಟು ಇತ್ತಾದರೂ ನಾಗರಿಕರ ಕಾರುಗಳಿಗೆ ಅದರ ಅಗತ್ಯ ಯಾರಿಗೂ ಕಂಡಿರಲಿಲ್ಲ. 1943ರ ಬೇಸಿಗೆಯಲ್ಲಿ ಲಾಸ್ ಏಂಜಲೀಸನ್ನು ಕವಿದ ಕಣ್ಣುರಿಯುವ ಮಬ್ಬಿನ ಮೂಲವನ್ನು ಹುಡುಕುತ್ತ, ಡಚ್ ಮೂಲದ ರಸಾಯನ ವಿಜ್ಞಾನಿ ಆರೀ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ಪೆಟ್ರೋಲಿನ ಆವಿ ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಬೆರೆತು ಓಜೋನ್ ಹುಟ್ಟುವುದನ್ನು ತೋರಿಸಿಕೊಟ್ಟ. ಆ ದಶಕದ ಕೊನೆಗೆ ಕಾರು ಬಿಡುವ ಆವಿಯ ಗಣನೀಯ ಪಾಲು ಸೈಲೆನ್ಸರಿನಿಂದಲ್ಲ, ಯಾರೂ ಗಮನಿಸದ ಈ ತಳದ ಕೊಳವೆಯಿಂದ ಬರುತ್ತದೆಂಬುದು ಖಚಿತವಾಯಿತು. 1961ರ ಮಾದರಿಯ ಹೊಸ ಕಾರುಗಳಿಗೆ ಕ್ಯಾಲಿಫೋರ್ನಿಯಾದಲ್ಲಿ, 1963ರ ಹೊತ್ತಿಗೆ ಅಮೆರಿಕದ ಉಳಿದೆಡೆಯೂ, ಎಂಜಿನ್ನು ತನ್ನ ಉಸಿರನ್ನು ತಾನೇ ಒಳಗೆಳೆದುಕೊಂಡು ಸುಡುವ ವ್ಯವಸ್ಥೆ ಬಂದಿತು. ವಾಹನ ಮಾಲಿನ್ಯ ನಿಯಂತ್ರಣದ ಮೊದಲ ಉಪಕರಣ ಸೈಲೆನ್ಸರಿನಲ್ಲಿರದೆ ಒಂದು ರಬ್ಬರ್ ಕೊಳವೆ ಮತ್ತು ಚಿಕ್ಕ ವಾಲ್ವಿನಲ್ಲಿತ್ತೆಂಬುದನ್ನು ಇಂದು ನೆನೆಯುವವರು ವಿರಳ.

ಭಾರತದ ಸ್ಕೂಟರಿಗೆ ಈ ಚರಿತ್ರೆ ನಾಲ್ಕು ದಶಕ ತಡವಾಗಿ, ಅದೂ ಹಿಂಬಾಗಿಲಿನಿಂದ ಪ್ರವೇಶಿಸಿತು. ಎರಡು ಸ್ಟ್ರೋಕಿನ ಎಂಜಿನ್ನಿನ ಗೂಡು ಮುಚ್ಚಿರುವುದರಿಂದ ಅಲ್ಲಿಂದ ಹೊರಬೀಳುವ ಮಾಲಿನ್ಯ ಸೊನ್ನೆ. ಆದರೆ ಹೊಸ ಮಿಶ್ರಣ ಸಿಲಿಂಡರಿಗೆ ನುಗ್ಗುವಾಗ ಹೊಗೆದಾರಿಯೂ ತೆರೆದೇ ಇರುವುದರಿಂದ ಉರಿಯದ ಪೆಟ್ರೋಲಿನ ಒಂದು ಪಾಲು ಸೈಲೆನ್ಸರಿನಿಂದಲೇ ಹೊರಟುಹೋಗುತ್ತದೆ, ಜೊತೆಗೆ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಸುಡುತ್ತದೆ. ದ್ವಿಚಕ್ರ ವಾಹನಗಳು ಕಿಲೋಮೀಟರಿಗೆ ಬಿಡಬಹುದಾದ ಹೈಡ್ರೋಕಾರ್ಬನ್ ಮತ್ತು ಸಾರಜನಕದ ಆಕ್ಸೈಡುಗಳ ಒಟ್ಟು ಮಿತಿಯನ್ನು 1996ರಲ್ಲಿದ್ದ 3.6 ಗ್ರಾಮಿನಿಂದ 2000ದಲ್ಲಿ 2 ಗ್ರಾಮಿಗೆ ಇಳಿಸಿದಾಗ ಈ ಎಂಜಿನ್ನಿನ ದಿನಗಳು ಎಣಿಕೆಗೆ ಸಿಕ್ಕವು. 1999ರಲ್ಲಿ ಭಾರತದಲ್ಲಿ ಸ್ವಂತ ಕಂಪನಿ ಸ್ಥಾಪಿಸಿದ ಹೋಂಡಾ 2001ರಲ್ಲಿ ತಂದ 102 ಸಿಸಿಯ ಆಕ್ಟಿವಾ ನಾಲ್ಕು ಸ್ಟ್ರೋಕಿನದ್ದಾಗಿತ್ತು, ಅದರ ಬೆನ್ನಿಗೇ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು; 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾದ ಕಾರ್ಖಾನೆ ಆರಂಭವಾಗುವ ವೇಳೆಗೆ ಬೀದಿಯಲ್ಲಿ ಹೊಸದಾಗಿ ಇಳಿಯುವ ಸ್ಕೂಟರುಗಳು ಹೆಚ್ಚುಕಡಿಮೆ ಎಲ್ಲವೂ ಗೂಡಿನಲ್ಲಿ ಎಣ್ಣೆ ಹೊತ್ತು ಕೊಳವೆಯಿಂದ ಉಸಿರಾಡುವಂಥವಾಗಿದ್ದವು. ಹೊಗೆ ಶುದ್ಧವಾಯಿತು, ಆದರೆ ಅಲ್ಲಿಯವರೆಗೆ ಇರದಿದ್ದ ಗೂಡಿನ ಮಾಲಿನ್ಯ ಹೊಸದಾಗಿ ಹುಟ್ಟಿತು. ಅದನ್ನು ತಡೆಯಲೆಂದೇ ಬ್ರೀದರ್ ಪೈಪನ್ನು ಏರ್ ಫಿಲ್ಟರಿನ ಪೆಟ್ಟಿಗೆಗೆ ಜೋಡಿಸಲಾಯಿತು.

ಕಸುಬಿನ ನಿಯಮ ತಲೆಕೆಳಗಾದದ್ದು ಇಲ್ಲಿ. ನಾಲ್ಕು ಸ್ಟ್ರೋಕಿನ ಸ್ಕೂಟರಿನಲ್ಲಿ ಬ್ರೀದರ್ ಕಟ್ಟಿಕೊಂಡರೆ ಗೂಡಿನ ಒತ್ತಡ ಏರಿ, ದಾರಿ ಹುಡುಕುವ ಎಣ್ಣೆ ಸೀಲುಗಳನ್ನು ದಾಟಿ ಹೊರಗೆ ಜಿನುಗುತ್ತದೆ. ಹಳೆಯ ಪಾಠದಂತೆ ಸೀಲು ಬದಲಿಸಿದರೆ ಕೆಲವು ದಿನ ನೆಟ್ಟಗಿದ್ದು ಮತ್ತೆ ಸೋರುತ್ತದೆ, ಏಕೆಂದರೆ ತಪ್ಪು ಸೀಲಿನದ್ದಲ್ಲ, ಮುಚ್ಚಿಹೋದ ಕೊಳವೆಯದ್ದು. ಎಣ್ಣೆ ಹೆಚ್ಚಾದರೂ ಇದೇ ತೊಡಕು: ಒಂದು ಲೀಟರಿಗೂ ಕಡಿಮೆ ಹಿಡಿಯುವ ಗೂಡಿಗೆ, ಡಬ್ಬಿಯಲ್ಲಿ ಉಳಿದದ್ದು ದಂಡವಾಗಬಾರದೆಂದು ಪೂರ್ತಿ ಸುರಿಯುವ ಮನೆವಾರ್ತೆಯ ಜಾಣತನದಿಂದ ಎಣ್ಣೆ ನೊರೆಯಾಗಿ ಕೊಳವೆಯಲ್ಲಿ ಏರುತ್ತದೆ, ಏರ್ ಫಿಲ್ಟರು ತೊಯ್ದು ಎಂಜಿನ್ನು ಉಸಿರುಗಟ್ಟುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ, ಮನೆಯಿಂದ ಪೇಟೆಗೆ ಒಂದೆರಡು ಕಿಲೋಮೀಟರು ಓಡಿ ನಿಲ್ಲುವ ಸ್ಕೂಟರಿನ ಎಂಜಿನ್ನು ನೀರಾವಿಯನ್ನು ಹೊರಹಾಕುವಷ್ಟು ಕಾಯುವುದೇ ಇಲ್ಲ, ಆ ನೀರು ಎಣ್ಣೆಯೊಡನೆ ಕಡೆದುಕೊಂಡು ಮುಚ್ಚಳದ ಅಡಿಯಲ್ಲೂ ಕೊಳವೆಯ ಬಾಗಿನಲ್ಲೂ ಕೆನೆಬಣ್ಣದ ಪಾಕವಾಗಿ ಕಟ್ಟುತ್ತದೆ. ಫಿಲ್ಟರ್ ಪೆಟ್ಟಿಗೆಯ ತಳದಲ್ಲಿ ಬಿರಡೆ ಹಾಕಿದ ಪಾರದರ್ಶಕ ಕೊಳವೆಯೊಂದು ನೇತಾಡುತ್ತಿರುವುದು ಇದನ್ನು ಬಸಿಯಲೆಂದೇ. ಮಳೆಯಲ್ಲಿ ಅಥವಾ ಪೂರ್ಣ ವೇಗದಲ್ಲಿ ಹೆಚ್ಚು ಓಡಿಸುವವರು ಇದನ್ನು ಇನ್ನೂ ಬೇಗ ಬೇಗ ಬಸಿಯಬೇಕೆಂದು ಹೋಂಡಾದ ಕೈಪಿಡಿಗಳು ಹೇಳುತ್ತವೆ. ಸ್ಕೂಟರ್ ಕೊಂಡವರಲ್ಲಿ ಈ ಬಿರಡೆಯನ್ನು ಕಂಡವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಬ್ರೀದರನ್ನು ಮಾರ್ಪಡಿಸುವ ಹವ್ಯಾಸ ಬೆಳೆದದ್ದು ಈ ನಿರ್ವಹಣೆಯ ಸಮಸ್ಯೆಯಿಂದಲ್ಲ, ಪಂದ್ಯದ ಅಂಗಳದಿಂದ. ರೇಸಿನಲ್ಲಿ ಒಂದು ಎಂಜಿನ್ನು ಉಗುಳಿದ ಎಣ್ಣೆ ಹಿಂದೆ ಬರುವವನ ಚಕ್ರಕ್ಕೆ ಸಿಕ್ಕರೆ ಪ್ರಾಣಾಪಾಯ. ಆದ್ದರಿಂದ ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟದ ನಿಯಮಗಳು ಎಂಜಿನ್ನಿನ ಉಸಿರುಕೊಳವೆಗೆ ಕನಿಷ್ಠ 500 ಘನ ಸೆಂಟಿಮೀಟರಿನ, ಗೇರುಪೆಟ್ಟಿಗೆಯದಕ್ಕೆ 250 ಘನ ಸೆಂಟಿಮೀಟರಿನ ಎಣ್ಣೆ ಹಿಡಿಯುವ ಡಬ್ಬಿ ಇರಬೇಕೆಂದು ವಿಧಿಸಿದವು. ಕ್ಯಾಚ್ ಕ್ಯಾನ್ ಎಂದು ಕರೆಯುವ ಈ ಡಬ್ಬಿ ಪಂದ್ಯದ ಬೈಕಿನ ಲಕ್ಷಣವಾಗಿ, ಲಕ್ಷಣವೇ ಅಲಂಕಾರವಾಗಿ ಬೀದಿಗೆ ಇಳಿಯಿತು. ಇದಕ್ಕೆ ಇನ್ನೊಂದು ಒತ್ತಾಸೆ ತೈವಾನಿನಿಂದ ಬಂತು. ಅಲ್ಲಿನ ಕಿಮ್ಕೊ ಕಂಪನಿಯ ಜಿವೈ6 ಎಂಬ ನಾಲ್ಕು ಸ್ಟ್ರೋಕಿನ ಎಂಜಿನ್ನನ್ನು ಚೀನಾದ ಅಸಂಖ್ಯ ಕಾರ್ಖಾನೆಗಳು ನಕಲು ಮಾಡಿ ಜಗತ್ತಿಗೆಲ್ಲ ಅಗ್ಗವಾಗಿ ಹಂಚಿದ ಮೇಲೆ, 125 ಅಥವಾ 150 ಸಿಸಿಯ ಎಂಜಿನ್ನಿಗೆ ದೊಡ್ಡ ಸಿಲಿಂಡರು ಕೂರಿಸುವುದು ಅಮೆರಿಕ, ಯುರೋಪಿನ ಹವ್ಯಾಸಿಗಳಿಗೆ ಸುಲಭವಾಯಿತು. ಪಿಸ್ಟನ್ನು ದೊಡ್ಡದಾದರೆ ಗೂಡಿನೊಳಗಿನ ತಳ್ಳಾಟವೂ ಹೆಚ್ಚು, ನುಸುಳುಗಾಳಿಯೂ ಹೆಚ್ಚು, ಕಾರ್ಖಾನೆಯ ಸಣ್ಣ ಕೊಳವೆ ಸಾಲದು. ಬ್ರೀದರ್ ಹಿಗ್ಗಿಸುವ ಕೆಲಸಕ್ಕೆ ನ್ಯಾಯವಾದ ಕಾರಣ ಇದ್ದದ್ದು ಇಂಥ ಎಂಜಿನ್ನುಗಳಲ್ಲಿ.

ಆ ಕಾರಣವನ್ನು ಬಿಟ್ಟು ರೂಪವನ್ನಷ್ಟೇ ಅನುಕರಿಸಿದ್ದು, ಪೈಪನ್ನು ಫಿಲ್ಟರ್ ಪೆಟ್ಟಿಗೆಯಿಂದ ಕಿತ್ತು ಅದರ ತುದಿಗೆ ಹೆಬ್ಬೆರಳಿನ ಗಾತ್ರದ ಶಂಕುವಿನಾಕಾರದ ಫಿಲ್ಟರನ್ನು ಸಿಕ್ಕಿಸುವ ಅತಿ ಜನಪ್ರಿಯ ಮಾರ್ಪಾಟು. ಇದರಿಂದ ಶಕ್ತಿ ಹೆಚ್ಚುತ್ತದೆಂಬ ನಂಬಿಕೆಗೆ ಕಾರ್ಖಾನೆಯ ಸ್ಥಿತಿಯಲ್ಲಿರುವ 110 ಸಿಸಿಯ ಎಂಜಿನ್ನಿನಲ್ಲಿ ಆಧಾರ ಕಾಣುವುದಿಲ್ಲ. ಕಾಣುವುದು ಪೆಟ್ರೋಲಿನ ವಾಸನೆ, ಫಿಲ್ಟರಿನಿಂದ ತೊಟ್ಟಿಕ್ಕುವ ಎಣ್ಣೆ ಮತ್ತು ಅದಕ್ಕೆ ಮೆತ್ತಿಕೊಳ್ಳುವ ಧೂಳು. ಸ್ಕೂಟರಿನ ಎಂಜಿನ್ನು ಹಿಂದಿನ ಚಕ್ರದ ಪಕ್ಕದಲ್ಲೇ ಇರುವುದರಿಂದ ಆ ತೊಟ್ಟು ಟೈರಿಗೆ ಬೀಳುವ ಸಂಭವವಿದೆ, ಬೆಲ್ಟಿನ ಪೆಟ್ಟಿಗೆಯ ಗಾಳಿಬಾಯಿಗೆ ಸೇರಿದರೆ ಬೆಲ್ಟು ಜಾರುತ್ತದೆ. ಇದಕ್ಕಿಂತ ವಿವೇಕದ್ದು, ಪೈಪನ್ನು ನಡುವೆ ತುಂಡರಿಸಿ ಒಂದು ಡಬ್ಬಿಯ ಮೂಲಕ ಹಾಯಿಸಿ ಮತ್ತೆ ಫಿಲ್ಟರ್ ಪೆಟ್ಟಿಗೆಗೇ ಮರಳಿಸುವ ಮಾರ್ಪಾಟು: ಎಣ್ಣೆ ಮತ್ತು ನೀರು ಡಬ್ಬಿಯಲ್ಲಿ ಉಳಿಯುತ್ತವೆ, ಆವಿ ಮಾತ್ರ ಎಂಜಿನ್ನಿಗೆ ಹೋಗಿ ಉರಿಯುತ್ತದೆ. ಡಬ್ಬಿಯೊಳಗೆ ಎಣ್ಣೆಮಂಜು ಹನಿಗೂಡಲು ಏನಾದರೂ ಅಡ್ಡ ಇರಬೇಕೆಂದು ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ತುರುಕುವುದುಂಟು; ಆ ನಾರಿನ ಎಳೆ ಕಳಚಿ ಸಿಲಿಂಡರು ಸೇರಿದರೆ ಉಳಿಸಿದ ಎಣ್ಣೆಗಿಂತ ಕಳೆದುಕೊಂಡ ಬೋರಿನ ಖರ್ಚೇ ಹೆಚ್ಚಾಗುತ್ತದೆ. ಇನ್ನೊಂದು ತೊಡಕು ಸ್ಕೂಟರಿಗೇ ವಿಶಿಷ್ಟವಾದದ್ದು. ದಾಸ್ಕಾನಿಯೊನ ಕಾಲದಿಂದಲೂ ಸ್ಕೂಟರಿನ ಎಂಜಿನ್ನು ಚಕ್ರದೊಡನೆ ಮೇಲೆ ಕೆಳಗೆ ತೂಗಾಡುವ ಅಂಗವಾಗಿದ್ದು, ಕಾರ್ಖಾನೆಯವರು ಫಿಲ್ಟರ್ ಪೆಟ್ಟಿಗೆಯನ್ನೂ ಎಷ್ಟೋ ಮಾದರಿಗಳಲ್ಲಿ ಎಂಜಿನ್ನಿನ ಮೇಲೆಯೇ ಕೂರಿಸುತ್ತಾರೆ. ಮನೆಯಲ್ಲಿ ಡಬ್ಬಿಯನ್ನು ಚಾಸಿಸ್ಸಿಗೆ ಬಿಗಿದವನು ಪೈಪಿಗೆ ಸಡಿಲು ಬಿಡದಿದ್ದರೆ ಮೊದಲ ಗುಂಡಿಯಲ್ಲೇ ಅದು ಕಳಚಿಕೊಳ್ಳುತ್ತದೆ, ಹೆಚ್ಚು ಬಿಟ್ಟರೆ ಜೋತುಬಿದ್ದ ಬಾಗಿನಲ್ಲಿ ನೀರು ನಿಂತು ದಾರಿ ಕಟ್ಟುತ್ತದೆ.

ಕಾನೂನು ಈ ಕೈಕೆಲಸವನ್ನು ಕಣ್ಣಿಗೆ ಹಾಕಿಕೊಂಡದ್ದು ಇತ್ತೀಚೆಗೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ತಯಾರಕರು ಗೊತ್ತುಪಡಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂಥ ಮಾರ್ಪಾಟನ್ನು ನಿಷೇಧಿಸಿತ್ತು. 2019ರ ತಿದ್ದುಪಡಿಯು ಕಾಯಿದೆ ಒಪ್ಪದ ಮಾರ್ಪಾಟು ಮಾಡಿದ ಮಾಲೀಕನಿಗೆ ಪ್ರತಿ ಮಾರ್ಪಾಟಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ಸೇರಿಸಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಪ್ರಕಾರ ಗೂಡಿನ ಗಾಳಿ ಸ್ವಲ್ಪವೂ ಹೊರಗೆ ಸೇರುವಂತಿಲ್ಲ. ಕಾಯಿದೆಗಿಂತಲೂ ಪರಿಣಾಮಕಾರಿಯಾದ ಅಂಕುಶವೆಂದರೆ ಆ ಮಾನದಂಡದ ಜೊತೆಗೆ ಬಂದ ಇಂಧನ ಇಂಜೆಕ್ಷನ್: ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಪೆಟ್ರೋಲಿನ ಪ್ರಮಾಣವನ್ನು ತಿದ್ದುತ್ತಲೇ ಇರುವ ಎಂಜಿನ್ನಿನ ಲೆಕ್ಕಾಚಾರದಲ್ಲಿ ಬ್ರೀದರಿನಿಂದ ಬರುವ ಆವಿಯೂ ಸೇರಿರುತ್ತದೆ, ಮತ್ತು ಪೈಪು ಕಿತ್ತ ಜಾಗವನ್ನು ಮುಚ್ಚದೆ ಬಿಟ್ಟರೆ ಅಲ್ಲಿಂದ ನುಗ್ಗುವ ಧೂಳುಗಾಳಿ ರಿಂಗುಗಳನ್ನು ಸವೆಸಿ, ತಡೆಯಹೊರಟ ನುಸುಳುಗಾಳಿಯನ್ನೇ ಹೆಚ್ಚಿಸುತ್ತದೆ.

ಈ ನಡುವೆ ಹಳೆಯ ಚೇತಕ್, ವಿಜಯ್ ಸೂಪರ್, ಯೆಜ್ಡಿಗಳನ್ನು ಗುಜರಿಯಿಂದ ಎತ್ತಿ ತಂದು ಜೀವ ತುಂಬುವ ಹೊಸ ಹವ್ಯಾಸಿ ವರ್ಗವೊಂದು ಬೆಂಗಳೂರು, ಮೈಸೂರುಗಳಲ್ಲಿ ಕಾಣಿಸಿಕೊಂಡಿದೆ. ನಾಲ್ಕು ಸ್ಟ್ರೋಕಿನ ಕಾಲದಲ್ಲಿ ಕಣ್ಣು ಬಿಟ್ಟವರು ಮುಚ್ಚಿದ ಗೂಡಿನ ಪಾಠವನ್ನು ಹೊಸದಾಗಿ ಕಲಿಯಬೇಕಾಗಿದೆ, ಮತ್ತು ಸೀಲಿನ ದೋಷವನ್ನು ಓಟದ ಸದ್ದಿನಿಂದ ಹೇಳಬಲ್ಲ ಕಿವಿ ಇಲ್ಲದವರು ಅದನ್ನು ಅಳತೆಯಿಂದ ಸಾಧಿಸುತ್ತಾರೆ. ಕಾರ್ಬುರೇಟರಿನ ಬಾಯಿಗೂ ಸೈಲೆನ್ಸರಿನ ಬಾಯಿಗೂ ರಬ್ಬರ್ ಬಿರಡೆ ಬಿಗಿದು, ಪ್ಲಗ್ಗಿನ ತೂತಿನಿಂದ ಕೈಪಂಪಿನಲ್ಲಿ ಚದರ ಅಂಗುಲಕ್ಕೆ ಸುಮಾರು ಆರು ಪೌಂಡಿನಷ್ಟು ಗಾಳಿ ತುಂಬಿ, ಮುಳ್ಳು ಕೆಲವು ನಿಮಿಷ ಕದಲದೆ ನಿಲ್ಲುತ್ತದೆಯೇ ಎಂದು ನೋಡುವುದು ಈ ಪರೀಕ್ಷೆಯ ಕ್ರಮ. ಮುಳ್ಳು ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಸಂದನ್ನು ಹುಡುಕುತ್ತಾರೆ. ಬೇರೆ ಸಲಕರಣೆ ಇಲ್ಲದ ಮನೆಗಳಲ್ಲಿ ರಕ್ತದೊತ್ತಡ ಅಳೆಯುವ ಉಪಕರಣದ ರಬ್ಬರ್ ಬುಗ್ಗೆಯನ್ನೂ ಮುಳ್ಳನ್ನೂ ಇದಕ್ಕೆ ಬಳಸುವುದುಂಟು, ಏಕೆಂದರೆ ಅದರ ಕೊನೆಯ ಗೆರೆಯಾದ 300 ಮಿಲಿಮೀಟರು ಪಾದರಸವೆಂದರೆ 5.8 ಪೌಂಡು, ಚೇತಕ್ಕಿನ ಗೂಡಿಗೆ ಅಷ್ಟು ಸಾಕು.